ಕೈಗೆ ಕೊಡಬಾರದ ಕತ್ತಿ

"ಅಲ್ಲೇ ನಿಲ್ಲಿ!"

ಗುಡುಗಿದಂಥ ಆ ದನಿಗೆ ಬೃಂದಾಳ ಕಾಲು ನೆಲಕ್ಕೆ ಅಂಟಿಕೊಂಡಿತು. ಕಣ್ಣೆತ್ತಿ ನೋಡಿದರೆ... ಮೂಗಿನಿಂದ ಒಂದು ಗೇಣು ದೂರದಲ್ಲಿ ಕತ್ತಿಯ ಮೊನೆ!

ಮರದ ಕತ್ತಿಯೇ ಇರಬಹುದು. ಆದರೂ ಕತ್ತಿ ಕತ್ತಿಯೇ ಅಲ್ಲವೇ? ಅದರ ಇನ್ನೊಂದು ತುದಿಯಲ್ಲಿ ಬಿಳಿ ಅಂಗಿ ತೊಟ್ಟ ಯುವಕನೊಬ್ಬ ಒಂಟಿಕಾಲಿನಲ್ಲಿ ಕೊಕ್ಕರೆಯಂತೆ ನಿಂತಿದ್ದ. ಹಣೆಯ ಬೆವರಿಗೆ ವಿಭೂತಿ ಅರ್ಧ ಅಳಿಸಿತ್ತು. ಅವಳಿಗಿಂತ ಅವನೇ ಹೆಚ್ಚು ಹೆದರಿದಂತಿತ್ತು.

"ಕತ್ತಿ ಬೀಸೋರ ಬೆನ್ನ ಹಿಂದೆ ಹೀಗೆ ಬಂದ್ಬಿಡೋದೇನ್ರೀ? ನಾನು ಕೈ ತಡೀದೇ ಇದ್ದಿದ್ರೆ?"

ಬೃಂದಾ ಬಾಯಿ ತೆರೆದಳು. ಕೈಯಲ್ಲಿದ್ದ ಕನ್ನಡಕದ ಡಬ್ಬಿಯನ್ನೇ ಮುಂದೆ ಚಾಚಿದಳು.

"ಅಯ್ಯೋ, ಬೈಬ್ಯಾಡಿ ಮೇಷ್ಟ್ರೇ!" ಹಿಂದಿನ ಸಾಲಿನಿಂದ ಶಿವರುದ್ರಮ್ಮ ಕೂಗಿದರು. "ನಮ್ಮ್ ಬೃಂದಾ ಅದು, ನನ್ ತಂಗಿ ಮಗಳು. ನಾನು ಕನ್ನಡಕ ಮರೆತ್ ಬಂದಿದ್ದೆ, ಕೊಡಾಕ್ ಬಂದವ್ಳೆ. ಬಾಯಿ ಒಂದ್ ಬುಟ್ಟು ಮಿಕ್ಕಿದ್ದೆಲ್ಲ ಚೆನ್ನಾಗೈತೆ ಅವ್ಳಿಗೆ!"

ಸಮುದಾಯ ಭವನವೆಲ್ಲ ಗೊಳ್ಳೆಂದಿತು. ಅವನೂ ನಕ್ಕ. ಕತ್ತಿಯನ್ನು ತೋಳಿನ ಹಿಂದಕ್ಕೆ ಸರಿಸಿ ಮೆಲ್ಲನೆ ಹೇಳಿದ.

"ಹೆದರಿಸ್ಬಿಟ್ಟೆ, ಬೇಜಾರು ಮಾಡ್ಕೋಬೇಡಿ. ಬಾಗಿಲಲ್ಲೇ ನಿಂತು, ನಾನು ನೋಡಿದ ಮೇಲೆ ಒಳಗೆ ಬರ್ಬೇಕು. ನಾಳೆಯಿಂದ ನೆನಪಿಟ್ಕೊಳ್ಳಿ."

"ನಾಳೆ...?" ಅವಳ ಬಾಯಿಂದ ಹೊರಟ ಮೊದಲ ಮಾತು.

"ಹ್ಞೂಂ. ಕಲಿಯೋಕೆ ಬರ್ತೀರಲ್ಲ?"

'ಸತ್ರೂ ಬರಲ್ಲ!' ಎಂದುಕೊಂಡೇ ಬೃಂದಾ ಮನೆ ಸೇರಿದಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದಳು!

ಬೃಂದಾಳ ಊರು ರಾವಂದೂರು. ಡಿಗ್ರಿ ಮುಗಿಸಿ ಪಿರಿಯಾಪಟ್ಟಣದ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು, ಬಸ್‌ಸ್ಟ್ಯಾಂಡಿನ ಎದುರಿಗಿರುವ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. "ಈ ಸಾಲು ಓದಿ... ಈಗ ಕಾಣ್ಸುತ್ತಾ?" ಅವಳು ದಿನವಿಡೀ ಆಡುವ ಮಾತು ಇಷ್ಟೇ. ಉಳಿದದ್ದೆಲ್ಲ ಒಳಗೇ ಹುಟ್ಟಿ ಒಳಗೇ ಕರಗುತ್ತಿತ್ತು.

ಕತ್ತಿಯ ಮೇಷ್ಟ್ರ ಹೆಸರು ನಂಜುಂಡೇಶ. ಮೈಸೂರಿನ ಗುರುಗಳ ಹತ್ತಿರ ತಾಯ್ ಚಿ ಎಂಬ ಚೀನಾದ ನಿಧಾನಗತಿಯ ಕಸರತ್ತನ್ನು ವರ್ಷಗಟ್ಟಲೆ ಕಲಿತವನು. ವಯಸ್ಸಾದವರು ಕಾಲು ಜಾರಿ ಬೀಳದಂತೆ ಮೈಗೆ ಹತೋಟಿ ಬರಲಿ ಎಂದು ಊರಿನ ಡಾಕ್ಟರೇ ಅವನನ್ನು ಕರೆಸಿದ್ದರು. ಮದುವೆ ಇಲ್ಲದ ದಿನಗಳಲ್ಲಿ ಸಮುದಾಯ ಭವನದಲ್ಲಿ ತರಗತಿ. ಹೊಗೆಸೊಪ್ಪಿನ ಹೊಲವನ್ನು ಮಕ್ಕಳಿಗೆ ಒಪ್ಪಿಸಿ ಕೈಬೀಸಿಕೊಂಡು ಓಡಾಡುತ್ತಿದ್ದ ನಂಜಣ್ಣ, ನಿವೃತ್ತ ಟೀಚರ್ ಜಯಲಕ್ಷ್ಮಮ್ಮ, ಮಂಡಿನೋವಿನ ಶಿವರುದ್ರಮ್ಮ... ಇಂಥವರೇ ಅಲ್ಲಿನ ವೀರರು!

"ನಂಜಣ್ಣೋರೇ, ಕತ್ತೀಲಿ ಯಾರನ್ನೂ ತೋರಿಸ್ಬೇಡಿ ಅಂತ ಎಷ್ಟು ಸಲ ಹೇಳ್ಲಿ?"

"ತೋರಿಸ್ಲಿಲ್ಲ ಕಣಪ್ಪ, ಅಲ್ಲಿ ಫ್ಯಾನ್ ತಿರುಗ್ತಾ ಇಲ್ಲ ಅಂತ ಯೋಳ್ತಿದ್ದೆ."

"ಬಾಯಲ್ಲಿ ಹೇಳಿ! ಜಯಲಕ್ಷ್ಮಮ್ಮೋರೇ, ಸೆರಗು ಸಿಕ್ಕಿಸ್ಕೊಳ್ಳಿ, ಕತ್ತಿಗೆ ಸುತ್ಕೊಳ್ಳುತ್ತೆ. ಎಲ್ರೂ ಕತ್ತಿ ಚಾಚಿ ಸುತ್ತ ಒಂದ್ಸಲ ತಿರುಗಿ. ಯಾರಿಗೂ ತಗಲ್ಲಿಲ್ಲ ಅಂದ್ರೆ ಅಷ್ಟು ಜಾಗ ನಿಮ್ದು."

ಕೈಯಿಂದ ಕೈಗೆ ಕತ್ತಿ ಹೇಗೆ ಕೊಡಬೇಕೆಂದು ಹೇಳಿದ ದಿನವಂತೂ ಬೃಂದಾ ಕಣ್ಣು ಮಿಟುಕಿಸಲಿಲ್ಲ.

"ಎರಡೂ ಅಂಗೈ ಮೇಲೆ ಅಡ್ಡ ಇಟ್ಕೊಂಡು, ಹಿಡಿ ಅವರ ಬಲಗೈ ಕಡೆ ಇರೋ ಹಾಗೆ ಕೊಡ್ಬೇಕು. ಮೊನೆ ಯಾರ ಕಡೆಗೂ ಇರ್ಬಾರ್ದು. ನೆಲದ ಮೇಲಂತೂ ಇಡ್ಲೇಬಾರ್ದು, ಯಾರಾದ್ರೂ ತುಳೀತಾರೆ, ದಾಟ್ತಾರೆ. ಇನ್ನೊಂದು ಮಾತು... ಅವರಾಗಿ ಕೈ ಚಾಚಿದ್ರೆ ಮಾತ್ರ ಕೊಡ್ಬೇಕು. ಚಾಚಲಿಲ್ಲ ಅಂದ್ರೆ ಬೇಡ ಅಂತ ಅರ್ಥ. ಯಾಕೆ ಅಂತ ಕೇಳ್ಬಾರ್ದು, ಒತ್ತಾಯ ಮಾಡ್ಬಾರ್ದು."

"ನಮ್ ಕಾಲದಾಗೆ ಎಣ್ಣು ನೋಡಾಕ್ ಓದಾಗ ಈ ರೂಲ್ಸ್ ಇದ್ದಿದ್ರೆ ನಮ್ಮ್ ಮನೆಯವ್ಳು ಬಚಾವಾಗೋಳು!" ಎಂದರು ನಂಜಣ್ಣ.

ನಗುವಿನ ನಡುವೆ ನಂಜುಂಡೇಶನ ಕಣ್ಣು ಒಂದು ಗಳಿಗೆ ಬೃಂದಾಳ ಮೇಲೆ ನಿಂತು ಸರಿಯಿತು. ಅಷ್ಟಕ್ಕೇ ಅವಳ ಎದೆಯಲ್ಲಿ ಢಮಢಮ!

ದಿನ ಕಳೆದಂತೆ ಅವಳ ಕೈ ಪಳಗಿತು. ಮಾತಿಗೆ ಮುದುಡುವ ಹುಡುಗಿ ಕತ್ತಿ ಹಿಡಿದರೆ ನೀರಿನಂತೆ ಹರಿಯುತ್ತಿದ್ದಳು.

"ತಿರುಗೋ ಮುಂಚೆ ಹಿಂದೆ ಯಾರಿದಾರೆ ಅಂತ ನೋಡೋರು ಈ ತರಗತೀಲಿ ನೀವೊಬ್ರೇ," ಎಂದ ನಂಜುಂಡೇಶ ಒಂದು ದಿನ.

'ಹಿಂದೆ ನೀವಿದ್ದೀರಾ ಅಂತ ನೋಡೋದು ಅದು...' ಒಳಗೇ ಹುಟ್ಟಿ ಒಳಗೇ ಕರಗಿತು.

ಅದೇ ದಿನ ಬೆವರಿದ ಕೈಯಿಂದ ಅವಳ ಮರದ ಕತ್ತಿ ಜಾರಿತು. ಹಿಡಿಯಲು ಬಗ್ಗಿದಳು. ಅಷ್ಟರಲ್ಲಿ ಅವನು ಅವಳ ಮೊಣಕೈ ಹಿಡಿದು ಹಿಂದಕ್ಕೆ ಎಳೆದಿದ್ದ. ಕತ್ತಿ ಪಟಾರನೆ ಬಿತ್ತು.

"ಬೀಳೋ ಕತ್ತೀನ ಹಿಡಿಯೋಕೆ ಹೋಗ್ಬಾರ್ದು! ಕಾಲು ಹಿಂದೆ ತಗೊಂಡು ಬೀಳೋಕೆ ಬಿಟ್ಬಿಡ್ಬೇಕು."

"ಮುರಿದ್ರೆ...?"

"ಕತ್ತಿ ಇನ್ನೊಂದು ತರ್ಬೋದು. ಬೃಂದಾ ಇನ್ನೊಬ್ರು ಸಿಕ್ತಾರಾ?"

ಹೇಳಿಬಿಟ್ಟ ಮೇಲೆ ಅವನಿಗೇ ಗಾಬರಿಯಾಯಿತು. ಮೊಣಕೈ ಬಿಟ್ಟು, "ಹ್ಞಾಂ, ಎಲ್ರೂ ಶುರು ಮಾಡಿ!" ಎಂದು ಗೋಡೆಗೆ ಹೇಳಿದ. ಜಯಲಕ್ಷ್ಮಮ್ಮನವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನಂಜಣ್ಣನಿಗೂ ಬಂತು!

ಬೃಂದಾ ಆ ದಿನ ಅಂಗಡಿಯಲ್ಲಿ ದೂರ ನೋಡುವ ಕನ್ನಡಕ ಕೇಳಿದವರಿಗೆ ಓದುವ ಕನ್ನಡಕ ಕೊಟ್ಟು ಕಳಿಸಿದಳು.

ಕೆಲವು ದಿನ ಕಳೆದು ಮೈಸೂರಿನಿಂದ ಸ್ಟೀಲ್ ಕತ್ತಿಗಳು ಬಂದವು. ಎಲ್ಲರೂ ಮುಟ್ಟಿ ನೋಡಿ ಸಂಭ್ರಮಪಟ್ಟು ಹೊರಟರು. ದೊಡ್ಡಮ್ಮ ಹೊರಗೆ ಚಪ್ಪಲಿ ಹುಡುಕುತ್ತಿದ್ದರು. ಒಳಗೆ ಉಳಿದವರು ಇಬ್ಬರೇ.

ನಂಜುಂಡೇಶ ತನ್ನ ಉದ್ದನೆಯ ಚೀಲದಿಂದ ಒಂದು ಹಳೆಯ ಕತ್ತಿ ತೆಗೆದ. ಹಿಡಿಯಲ್ಲಿ ಮಾಸಿದ ಕೆಂಪು ಕುಚ್ಚು.

"ಇದು ಗುರುಗಳು ನನಗೆ ಕೊಟ್ಟಿದ್ದು. ಇಲ್ಲಿವರೆಗೂ ಯಾರ ಕೈಗೂ ಕೊಟ್ಟಿಲ್ಲ..." ಎರಡೂ ಅಂಗೈ ಮೇಲಿಟ್ಟು, ಹಿಡಿಯನ್ನು ಅವಳ ಬಲಗೈ ಕಡೆ ಮಾಡಿ ನೀಡಿದ. "ನಿಮಗೆ ಕೊಡ್ಬೇಕು ಅನ್ನಿಸ್ತು ಬೃಂದಾ ಅವ್ರೇ."

ಅವಳ ಕಣ್ಣು ತುಂಬಿ ಬಂತು. ಕೈ ಇನ್ನೇನು ಮೇಲೇಳಬೇಕು...

ತಟ್ಟನೆ ನಿಂತಿತು.

ಕಬ್ಬಿಣ! ಇದು ಮರದ್ದಲ್ಲ, ಕಬ್ಬಿಣದ್ದು! ರಾವಂದೂರಿನ ಮನೆಯಲ್ಲಿ ಅವ್ವ ಕುಡುಗೋಲನ್ನಾಗಲಿ ಚಾಕುವನ್ನಾಗಲಿ ಯಾರ ಕೈಗೂ ಕೊಟ್ಟವರಲ್ಲ. ನೆಲದ ಮೇಲಿಡುತ್ತಿದ್ದರು, ಬೇಕಾದವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಹೋದರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಕಟ್ಟಿಟ್ಟ ಬುತ್ತಿ. ಸುಳ್ಳೇ? ಒಮ್ಮೆ ಗೆಳತಿ ಉಷಾರಾಣಿಗೆ ಕತ್ತರಿ ಕೈಗೇ ಕೊಟ್ಟಿದ್ದಕ್ಕೆ ಇಬ್ಬರೂ ಒಂದು ವರ್ಷ ಮಾತು ಬಿಟ್ಟಿರಲಿಲ್ಲವೇ?

'ಯಾರ ಜೊತೆ ಬೇಕಾದ್ರೂ ಜಗಳ ಆಗ್ಲಿ ದೇವರೇ... ಇವರ ಜೊತೆ ಮಾತ್ರ ಬೇಡ!'

ಇದನ್ನೆಲ್ಲ ಹೇಳಬೇಕಿತ್ತು. ಆದರೆ ಹೊರಬಂದದ್ದು ಒಂದೇ ಮಾತು.

"ಕೆಳಗಿಡಿ."

"ಏನಂದ್ರಿ?"

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ನೆಲದ ಮೇಲೆ... ಇಡಿ."

ನಂಜುಂಡೇಶನ ಮುಖದ ಬೆಳಕು ಆರಿಹೋಯಿತು. ಕೈ ಚಾಚದಿದ್ದರೆ ಬೇಡ ಎಂದರ್ಥ. ಯಾಕೆ ಎಂದು ಕೇಳಬಾರದು, ಒತ್ತಾಯ ಮಾಡಬಾರದು. ತಾನೇ ಕಲಿಸಿದ ಪಾಠ! ಅದರ ಮೇಲೆ, ಗುರುಗಳ ಕತ್ತಿಯನ್ನು ನೆಲಕ್ಕೆ ಹಾಕು ಎನ್ನುತ್ತಿದ್ದಾಳೆ... ಇದಕ್ಕಿಂತ ಸ್ಪಷ್ಟವಾಗಿ ಯಾರು ತಾನೇ ಬೇಡ ಎಂದಾರು?

"ಅರ್ಥ ಆಯ್ತು," ಎಂದ. ಕತ್ತಿಯನ್ನು ಒರೆಗೆ ಹಾಕಿ, ಚೀಲದ ದಾರ ಬಿಗಿದು ಹೊರಟೇಹೋದ.

'ಏನ್ ಅರ್ಥ ಆಯ್ತು? ಅಯ್ಯೋ, ನಿಲ್ಲಿ!' ಬೃಂದಾ ಕೂಗಿದಳು. ಕೂಗಿದ್ದು ಮನಸ್ಸಿನಲ್ಲಿ.

ಮರುದಿನದಿಂದ ಅವನು ಅವಳ ಸಾಲಿನ ಕಡೆ ಬರಲಿಲ್ಲ. ತಪ್ಪಿದರೂ ತಿದ್ದಲಿಲ್ಲ. ಅವಳು ಬೇಕೆಂದೇ ತಪ್ಪಿದರೂ ತಿದ್ದಲಿಲ್ಲ! ಆ ವಾರದ ಕೊನೆಗೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ.

"ಕೆ.ಆರ್. ನಗರದಲ್ಲಿ ತರಗತಿ ತೆಗಿ ಅಂತ ಗುರುಗಳು ಮೊದ್ಲಿಂದ ಹೇಳ್ತಾನೇ ಇದ್ರು. ನಾನೇ ಇಲ್ಲಿ ಅಂಟ್ಕೊಂಡಿದ್ದೆ. ಸೋಮವಾರ ಕೊನೇ ತರಗತಿ, ಮುಗಿಸ್ಕೊಂಡು ಹೊರಡ್ತೀನಿ. ಇನ್ಮೇಲೆ ಹುಣಸೂರಿನ ಶಶಿಕುಮಾರ್ ಬರ್ತಾನೆ. ಒಳ್ಳೆ ಹುಡುಗ, ನನಗಿಂತ ಚೆನ್ನಾಗಿ ಹೇಳ್ಕೊಡ್ತಾನೆ."

"ನಮ್ಗೆ ಚೆನ್ನಾಗಿರೋದ್ ಬ್ಯಾಡ ಕಣ್ ಮೇಷ್ಟ್ರೇ, ನೀವೇ ಸಾಕು!" ಎಂದರು ನಂಜಣ್ಣ. ಆದರೆ ಈ ಸಲ ಯಾರೂ ನಗಲಿಲ್ಲ.

ಸಂಜೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಶಿವರುದ್ರಮ್ಮ, ಕಾಳನ್ನು ಕಸಕ್ಕೂ ಸಿಪ್ಪೆಯನ್ನು ಬಟ್ಟಲಿಗೂ ಹಾಕುತ್ತಿದ್ದ ಬೃಂದಾಳನ್ನು ದಿಟ್ಟಿಸಿದರು.

"ಏನವ್ವ ಆಗೈತೆ ನಿಂಗೆ? ಮೇಷ್ಟ್ರು ಓಯ್ತಾರೆ ಅಂತಾನಾ?"

ಕಟ್ಟೆ ಒಡೆಯಿತು. ಅಳುತ್ತಾ, ಬಿಕ್ಕುತ್ತಾ ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ದೊಡ್ಡಮ್ಮನ ಹೊಟ್ಟೆ ಕುಲುಕತೊಡಗಿತು.

"ಅಯ್ಯೋ ನನ್ ಕಂದಾ! ಜಗಳ ಆಗ್ಬಾರ್ದು ಅಂತ ಕೆಳಗಿಡಿ ಅಂದ್ಯಾ? ಆ ಕತ್ತಿಗೆ ಮೊನೆನೂ ಇಲ್ಲ, ಅಲಗೂ ಇಲ್ಲ ಕಣೇ. ಸೋರೆಕಾಯಿನೂ ಕುಯ್ಯಾಕಿಲ್ಲ ಅದು. ಮೈಸೂರಿಂದ ಬಂದವನ್ನ ನಾನ್ ಬೆರಳಲ್ಲಿ ಸವರಿ ನೋಡಿವ್ನಿ, ಎಲ್ಲಾ ಒಂದೇಯ!"

"ನಂಗೇನ್ ಗೊತ್ತಿತ್ತು ದೊಡ್ಡಮ್ಮ..."

"ಬುಡು, ನಾಳೆ ನಾನೇ ಮೇಷ್ಟ್ರಿಗೆ ಯೋಳ್ತೀನಿ."

ಬೃಂದಾ ಕಣ್ಣೊರೆಸಿಕೊಂಡಳು. ದೊಡ್ಡಮ್ಮ ಹೇಳಿದರೆ ತಪ್ಪು ತಿಳಿವಳಿಕೆ ಹೋಗುತ್ತದೆ, ನಿಜ. ಆದರೆ ತನ್ನ ಮನಸ್ಸಿನಲ್ಲಿರುವುದನ್ನು ದೊಡ್ಡಮ್ಮ ಹೇಳಿ ಮುಗಿಸಲಾದೀತೇ? ಸೋಮವಾರ ಬಾಯಿ ಬಿಡದಿದ್ದರೆ ಅವನು ಹೋಗುತ್ತಾನೆ. ಹೋದವನು, ಬೃಂದಾಗೆ ತಾನು ಬೇಡವಾಗಿದ್ದೆ ಎಂದೇ ತಿಳಿದು ಬದುಕುತ್ತಾನೆ.

"ಬೇಡ ದೊಡ್ಡಮ್ಮ. ನಾನೇ ಹೇಳ್ತೀನಿ."

"ನೀನಾ!" ದೊಡ್ಡಮ್ಮನ ಕೈಯಲ್ಲಿದ್ದ ಅವರೆಕಾಯಿ ಬಿದ್ದೇಹೋಯಿತು.

ಸೋಮವಾರ ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಳ್ಳುತ್ತಾ ಸಮುದಾಯ ಭವನಕ್ಕೆ ಬಂದರೆ... ಬಾಗಿಲಿಗೆ ಬಾಳೆಕಂದು! ಒಳಗೆ ವಾಲಗ! ಯಾರದೋ ಮದುವೆ ದಿಢೀರನೆ ಗೊತ್ತಾಗಿ ತರಗತಿ ರದ್ದಾಗಿತ್ತು. ಹೊರಗೆ ನಂಜಣ್ಣ ನಿಂತಿದ್ದರು.

"ಮೇಷ್ಟ್ರು ಬಂದು ಎಲ್ರಿಗೂ ಯೋಳ್ಬುಟ್ ಓದ್ರು ಕಣವ್ವ. ತಿಂಡಿ ತಿನ್ಕೊಂಡು ಬಸ್ ಅತ್ತುತಾರಂತೆ."

ಜೋಡಿಸಿಟ್ಟ ಮಾತುಗಳೆಲ್ಲ ಚೆಲ್ಲಿಹೋದವು. ಅವನ ರೂಮು ಎಲ್ಲಿದೆಯೋ ಗೊತ್ತಿಲ್ಲ. ಫೋನಿನಲ್ಲಿ ಅವನ ಹೆಸರು ಒತ್ತಿ, ಒತ್ತಿ, ಕಟ್ ಮಾಡಿದಳು. ಕೊನೆಗೆ ಕಾಲೆಳೆದುಕೊಂಡು ಅಂಗಡಿಗೆ ಹೋಗಿ ಬಾಗಿಲು ತೆಗೆದಳು.

ಮೊದಲ ಗಿರಾಕಿ ಚಿಕ್ಕಬಸಪ್ಪ ತಾತ. ಕಣ್ಣು ಪರೀಕ್ಷೆಯ ದುಂಡು ಚೌಕಟ್ಟನ್ನು ಅವರ ಮೂಗಿಗೇರಿಸಿ, ಒಂದು ಕಣ್ಣು ಮುಚ್ಚಿ, "ಈ ಸಾಲು ಓದಿ ತಾತ..." ಎನ್ನುತ್ತಿದ್ದಂತೆ ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಗಲಾಟೆ ಕೇಳಿಸಿತು. ಗಾಜಿನಾಚೆ ನೋಡಿದಳು.

ಕೆ.ಆರ್. ನಗರದ ಬಸ್ಸು. ಬಟ್ಟೆ ಬ್ಯಾಗನ್ನು ಒಳಗೆ ತಳ್ಳಿ, ಅದರ ಮೆಟ್ಟಿಲ ಮೇಲೆ ಉದ್ದನೆಯ ಚೀಲ ಅಪ್ಪಿಕೊಂಡು ನಿಂತ ನಂಜುಂಡೇಶ!

"ಒಂದ್ನಿಮಿಷ ತಾತ!" ಎಂದವಳೇ ರಸ್ತೆಗೆ ಹಾರಿದಳು.

"ಏನ್ ಗುರೂ ಅದು, ಅಷ್ಟುದ್ದ?" ಕಂಡಕ್ಟರ್ ಕೇಳುತ್ತಿದ್ದ.

"ಕತ್ತಿ..." ಸುಳ್ಳು ಹೇಳಿ ಅಭ್ಯಾಸವಿಲ್ಲದ ಮೇಷ್ಟ್ರು!

"ಕತ್ತೀನಾ!" ಮುಂದಿನ ಸೀಟಿನ ಅಜ್ಜಿ ತನ್ನ ಕೋಳಿ ಬುಟ್ಟಿಯನ್ನು ಎದೆಗವುಚಿಕೊಂಡರು. "ಅಯ್ಯೋ ಶಿವನೇ, ಇಳಿಸ್ರಪ್ಪ ಇವ್ನ!"

"ಒರೇಲಿದೆ, ಚೀಲದೊಳಗಿದೆ, ದಾರ ಕಟ್ಟಿದೀನಿ. ಅಭ್ಯಾಸದ ಕತ್ತಿ ಸಾರ್."

"ಎಲ್ಲಾರೂ ಇಂಗೇ ಯೋಳೋದು. ಮೊದ್ಲು ಕೆಳಗಿಳಿ ಗುರೂ."

"ಅದು ಮೊಂಡ ಕತ್ತಿ!"

ಇಡೀ ಬಸ್‌ಸ್ಟ್ಯಾಂಡ್ ತಿರುಗಿ ನೋಡಿತು. ಅಷ್ಟು ದೊಡ್ಡ ದನಿ ತನ್ನದೇ ಎಂದು ಬೃಂದಾಗೇ ನಂಬಿಕೆಯಾಗಲಿಲ್ಲ.

"ಸೋರೆಕಾಯಿನೂ ಕುಯ್ಯಲ್ಲ ಅದು! ನಂಗೊತ್ತು!"

ನಂಜುಂಡೇಶ ಮೆಟ್ಟಿಲಿಳಿದು ಅವಳನ್ನೇ ನೋಡಿದ. "ನಿಮಗೆ ಹೇಗೆ ಗೊತ್ತು? ನೀವು ಅದನ್ನ ಮುಟ್ಟಲೇ ಇಲ್ವಲ್ಲ."

ಆ ಮಾತು ಅಲಗಿಲ್ಲದೆಯೂ ಕೊಯ್ಯಿತು. 'ಈಗ ಹೇಳ್ದಿದ್ರೆ ಇನ್ನು ಯಾವತ್ತೂ ಇಲ್ಲ ಕಣೇ...'

"ಕಬ್ಬಿಣದ್ದು ಕೈಯಿಂದ ಕೈಗೆ ಕೊಟ್ರೆ ಜಗಳ ಆಗುತ್ತೆ ಅಂತ ಅವ್ವ ಹೇಳ್ತಿದ್ರು. ನಿಮ್ಮ ಜೊತೆ ಜಗಳ ಆಗ್ಬಾರ್ದು ಅಂತ... ಅದಕ್ಕೇ ಕೆಳಗಿಡಿ ಅಂದೆ. ಇಟ್ಟಿದ್ರೆ ಎತ್ಕೋತಿದ್ದೆ. ಕಣ್ಣಿಗೆ ಒತ್ಕೊಂಡು ಎತ್ಕೋತಿದ್ದೆ. ಬೇಡ ಅಂತ ಅಲ್ಲ... ಬೇಡ ಅಂತ ಅಲ್ಲವೇ ಅಲ್ಲ!"

ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಬುಟ್ಟಿಯಿಂದ ಕೋಳಿಯದೂ.

"ಎಣ್ಮಗ ಯೋಳಾದು ಸರಿ ಕಣ್ ಗುರೂ," ಎಂದ ಕಂಡಕ್ಟರ್ ಗಂಭೀರವಾಗಿ. "ನಮ್ಮವ್ವ ಮಚ್ಚನ್ನ ಕೈಗ್ ಕೊಡಾಕೆ ಬುಡಾಕಿಲ್ಲ."

"ಮೆಣಸಿನಕಾಯೂ ಕೊಡಂಗಿಲ್ಲ," ಎಂದರು ಅಜ್ಜಿ.

"ಉಪ್ಪೂವೆ!" ಹಿಂದಿನ ಸೀಟಿನಿಂದ ಯಾರೋ ಸೇರಿಸಿದರು.

ಡ್ರೈವರ್ ಹಾರನ್ ಬಾರಿಸಿದ. "ಬತ್ತೀಯೇನ್ಲಾ, ಇಲ್ವಾ?"

"ಇರಣ್ಣ, ಇಲ್ಲಿ ಮುಖ್ಯವಾದ್ ಇಚಾರ ನಡೀತೈತೆ!" ಎಂದ ಕಂಡಕ್ಟರ್.

ನಂಜುಂಡೇಶ ಹಣೆ ಹಣೆ ಚಚ್ಚಿಕೊಂಡ. "ನಮ್ಮವ್ವನೂ ಕುಡ್ಲನ್ನ ಬದುವಿನ ಮೇಲಿಟ್ಟೇ ಕೊಡ್ತಿದ್ದಿದ್ದು ಕಣ್ರೀ! ಅವತ್ತು ನನಗೆ ಹೊಳೀಲೇ ಇಲ್ಲ. ಹೇಗೆ ಹೊಳೆಯುತ್ತೆ? ನಾನು ಕತ್ತಿ ಕೊಡ್ತಿದೀನಿ ಅಂತ ಅಂದ್ಕೊಂಡೇ ಇರ್ಲಿಲ್ವಲ್ಲ..."

"ಮತ್ತೇನು ಕೊಡ್ತಿದ್ರಿ?"

ಅವನ ಕಿವಿ ಕೆಂಪಾಯಿತು. ಈಗ ಮಾತು ಕಳೆದುಕೊಳ್ಳುವ ಸರದಿ ಅವನದು!

ಬೃಂದಾ ಎರಡೂ ಕೈ ಮುಂದೆ ಚಾಚಿದಳು.

"ಕೊಡಿ."

"ಜಗಳ ಆಗುತ್ತಲ್ಲ?"

"ಆಗ್ಲಿ. ಜಗಳ ಆಡ್ಬೇಕು ಅಂದ್ರೆ ಇಬ್ರೂ ಒಂದೇ ಊರಲ್ಲಿರ್ಬೇಕಲ್ಲ..." ದನಿ ಪಿಸುಮಾತಿಗಿಳಿಯಿತು. "ಒಂದೇ ಮನೇಲಿದ್ರೆ ಇನ್ನೂ ಅನುಕೂಲ."

ಹೇಳಿದವಳಿಗೆ ಮುಖ ಎಲ್ಲಿ ಮುಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಕೈ ಚಾಚಿಯಾಗಿತ್ತಲ್ಲ!

ನಂಜುಂಡೇಶ ಚೀಲದ ದಾರ ಬಿಚ್ಚಲಿಲ್ಲ. ಜನರ ನಡುವೆ ಬಿಚ್ಚಬಾರದು ಎಂಬುದು ಆಗಲೂ ಅವನಿಗೆ ನೆನಪಿತ್ತು. ಚೀಲ ಸಮೇತ ಅಂಗೈಗಳ ಮೇಲಿಟ್ಟು, ಹಿಡಿಯನ್ನು ಅವಳ ಬಲಗೈ ಕಡೆ ಮಾಡಿ ನೀಡಿದ. ಅವಳ ಬೆರಳುಗಳು ಅವನ ಬೆರಳಿಗೆ ತಾಗಿದವು. ಇಬ್ಬರಲ್ಲಿ ಯಾರೂ ಬೇಗ ಬಿಡಲಿಲ್ಲ.

"ರೈಟ್... ರೈಟ್!" ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

"ಏನ್ ಮಗಾ, ಆ ಸಾಲು ಓದಾದು ಬ್ಯಾಡ್ವಾ?" ಅಂಗಡಿ ಬಾಗಿಲಿನಿಂದ ಚಿಕ್ಕಬಸಪ್ಪ ತಾತ ಕೂಗಿದರು, ಒಂಟಿಗಣ್ಣಿನ ಚೌಕಟ್ಟಿನಲ್ಲೇ. "ಅಕ್ಸರ ಕಾಣ್ತಾ ಇಲ್ಲ. ನೀವಿಬ್ರು ಮಾತ್ರ ಚೆನ್ನಾಗ್ ಕಾಣ್ತಿದ್ದೀರಿ!"

ಅಷ್ಟರಲ್ಲಿ ನಂಜುಂಡೇಶ ಬೆಚ್ಚಿಬಿದ್ದ.

"ಅಯ್ಯೋ! ಬಟ್ಟೆ ಬ್ಯಾಗು! ಬಸ್ಸಲ್ಲೇ ಹೋಯ್ತು!"

"ಇಳಿಸ್ಕೊಳ್ಳೋದಲ್ವಾ?"

"ನೀವು ಅಂಥ ಮಾತಾಡ್ತಿದ್ರೆ ಬ್ಯಾಗ್ ಹೆಂಗ್ರೀ ನೆನಪಿರುತ್ತೆ?"

"ನನ್ನೇ ಅಂತೀರಲ್ಲ! ಹಂಗಾದ್ರೆ ಇನ್ಮೇಲೆ ಮಾತಾಡಲ್ಲ ಬಿಡಿ!"

"ಬೇಡ ಬೇಡ ಬೇಡ..." ಅವನು ಗಾಬರಿಯಿಂದ ಹತ್ತಿರ ಬಂದ. ಮತ್ತೆ ಮೆಲ್ಲನೆ, ತುಂಬ ಮೆಲ್ಲನೆ, "ಮಾತಾಡು," ಎಂದ.

ಆ ಏಕವಚನಕ್ಕೆ ಬೃಂದಾಳ ಕೆನ್ನೆ ರಂಗೇರಿತು.

"ಏನ್ ಮಾತಾಡ್ಲಿ?"

"ಏನಾದ್ರೂ. ಬೈದ್ರೂ ಪರವಾಗಿಲ್ಲ."

ಅವಳು ಕತ್ತಿಯನ್ನು ತೋಳಿಗೆ ಒರಗಿಸಿಕೊಂಡು, ಧೂಳೆಬ್ಬಿಸಿ ಹೋಗುತ್ತಿದ್ದ ಬಸ್ಸಿನ ಕಡೆಗೊಮ್ಮೆ ನೋಡಿದಳು.

"ಹುಣಸೂರಿನ ಶಶಿಕುಮಾರ್‌ಗೆ ಫೋನ್ ಮಾಡಿ. ಬಸ್ ಅಲ್ಲಿ ನಿಲ್ಲುತ್ತಲ್ಲ, ಬ್ಯಾಗ್ ಇಳಿಸ್ಕೊಂಡು ಈ ಕಡೆ ಕಳಿಸ್ಲಿ."

"ಆಮೇಲೆ?"

"ಆಮೇಲೆ ಅವ್ರು ಅದೇ ಬಸ್ಸಲ್ಲಿ ಕೆ.ಆರ್. ನಗರಕ್ಕೆ ಹೋಗ್ಲಿ. ಇಲ್ಲಿ ನಮ್ಗೆ ಮೇಷ್ಟ್ರು ಇದಾರೆ."